ಬಟನ್ ಕಂಡ ಹಳದಿ

ಓಕ್ಲಹೋಮದ ಪಶ್ಚಿಮಕ್ಕಿರುವ ಕೆಮ್ಮಣ್ಣಿನ ಸೀಮೆಯಲ್ಲಿ ವರ್ನೆಲ್ ಸ್ಟ್ರೌಡ್ ಎಂದರೆ ಕುದುರೆ ಸಾಗಿಸುವವಳು. ಆರನೇ ತರಗತಿಗೆ ಸ್ಕೂಲು ಬಿಟ್ಟವಳು. ಗಂಡ ಲಾಯ್ಡ್ ತೀರಿಕೊಂಡ ಮೇಲೆ ಅವನ ಪಿಕಪ್ಪಿನ ಸ್ಟೀರಿಂಗ್ ಹಿಡಿದು ಮೂವತ್ತೆಂಟು ವರ್ಷ ಬಿಡಲಿಲ್ಲ. ಸವಾರನನ್ನು ಎತ್ತಿ ಒಗೆಯುವುದೇ ಕಸುಬಾದ ರೋಡಿಯೋ ಪಂದ್ಯದ ಕುದುರೆಗಳನ್ನು ಊರಿಂದೂರಿಗೆ ಒಯ್ಯುತ್ತಿದ್ದಳು. ಕೊನೆಯ ಹದಿನೈದು ವರ್ಷ ಒಂದಕ್ಕೂ ಹಿಂದಿನಿಂದ ಏಟು ಹಾಕಿ ಟ್ರೇಲರಿಗೆ ಹತ್ತಿಸಿದವಳಲ್ಲ.

ಅದಕ್ಕೆ ಕಾರಣ ಬಟನ್. ಹಳೇ ಜೀನೊಂದನ್ನು ಕೊಟ್ಟು ತಂದ ಚುಕ್ಕೆ ಮೈಯ ಹೆಣ್ಣು ಕುದುರೆ. ಮೊದಲು ಅದು ಹತ್ತಬೇಕು. ಒಳಗೆ ನಿಂತು ಒಮ್ಮೆ ಮೂಗಿನಿಂದ ಬುಸ್ ಎಂದರೆ ಸಾಕು, ಮನುಷ್ಯರ ಕೈಗೆ ಸಿಗದ ಪುಂಡ ಕುದುರೆಗಳೂ ಹಿಂದೆಯೇ ಏರಿ ನಿಲ್ಲುತ್ತಿದ್ದವು.

ಬಟನ್‌ಗೆ ಹತ್ತೊಂಬತ್ತು ತುಂಬಿದ ವರ್ಷ ಅದು ಟ್ರೇಲರಿನ ಮುಂದೆ ಕಾಲೂರಿ ನಿಂತುಬಿಟ್ಟಿತು. ಮುದಿ ಹಟ ಅಂದರು ಎಲ್ಲರೂ. ವರ್ನೆಲ್ ನೆಲದ ಹಲಗೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು, ರಬ್ಬರ್ ಹಾಸು ಎತ್ತಿ ನೋಡಿದಳು, ಮೂಲೆಯಲ್ಲಿ ಕಣಜದ ಗೂಡು ಹುಡುಕಿದಳು. ಏನೂ ಇರಲಿಲ್ಲ. ಆಮೇಲೆ ಒಂದನ್ನು ಗಮನಿಸಿದಳು: ಮೋಡದ ದಿನ ಹತ್ತುತ್ತದೆ, ಸುಡುಬಿಸಿಲಲ್ಲಿ ಹತ್ತುವುದಿಲ್ಲ. ಬಿಳಿ ಟ್ರೇಲರು, ಬಿಳಿ ಜಲ್ಲಿಯ ಅಂಗಳ, ಮೇಲೆ ಬಿಳಿ ಬಿಸಿಲು. ಕುದುರೆ ಡಾಕ್ಟರು ಬಂದು ದೀಪ ಹಿಡಿದು ನೋಡಿ, ಎರಡೂ ಕಣ್ಣು ಮಬ್ಬಾಗುತ್ತಿವೆ, ಇನ್ನು ಸರಿಹೋಗುವುದಿಲ್ಲ ಎಂದರು. ಕುದುರೆಗೆ ಕೆಂಪು ಹಸಿರು ಹೆಚ್ಚುಕಡಿಮೆ ಒಂದೇ, ನೀಲಿ ಹಳದಿ ಮಾತ್ರ ಬೇರೆಬೇರೆಯಾಗಿ ಕಾಣುತ್ತವೆ ಎಂದೂ ಹೇಳಿಹೋದರು.

ಬಟನ್ ಹತ್ತದಿದ್ದರೆ ವರ್ನೆಲ್‌ಳ ಕಸುಬು ಮುಗಿದಂತೆ. ಅದಕ್ಕಿಂತ ಹೆಚ್ಚಾಗಿ, ಹದಿನೈದು ವರ್ಷದಲ್ಲಿ ಜೊತೆಯಿಲ್ಲದೆ ಒಂದು ದಿನವೂ ನಿಂತರಿಯದ ಪ್ರಾಣಿ ಬೇಲಿಯೊಳಗೆ ಒಂಟಿಯಾಗಿ ಕುರುಡಾಗಬೇಕು. ಹಳೇ ಟ್ರೇಲರಿನ ಹಲಗೆ ಗಟ್ಟಿಯಿದ್ದರೂ ತಳದ ಕಬ್ಬಿಣ ಹೇಗೂ ತುಕ್ಕು ಹಿಡಿದಿತ್ತು. ಹೊಸದು ಬಂದು, ಬಣ್ಣ ಬಳಿಯುವ ಹೋಯ್ಟ್‌ನ ಶೆಡ್ಡಿನಲ್ಲಿ ನಿಂತಿತ್ತು. ಯಾವ ಬಣ್ಣ ಎಂದು ಅವನು ಎರಡು ಸಲ ಹೇಳಿಕಳಿಸಿದ. ಎಂಟು ದಿನ ತಡಿ ಎಂದಳು.

ಅವನಿಂದಲೇ ಬಿಳಿ, ಕೆಂಪು, ನೀಲಿ, ಹಳದಿ ಬಳಿದ ಹಲಗೆಗಳನ್ನು ಜೋಡಿಜೋಡಿಯಾಗಿ ತಂದು, ಅಂಗಳದಾಚೆಯ ಬೇಲಿಯ ನಾಲ್ಕು ಕಂಡಿಗಳ ಎರಡೂ ಬದಿಗೆ ಒಂದೊಂದು ಜೋಡಿ ನಿಲ್ಲಿಸಿದಳು. ಮೇವಿನ ವಾಸನೆ ಹಿಡಿದು ಬಂದೀತೆಂದು ಅಲ್ಲಿ ಒಂದು ಕಾಳೂ ಇಡಲಿಲ್ಲ. ಜಾಗ ನೆನಪಿಟ್ಟುಕೊಂಡೀತೆಂದು ದಿನವೂ ಹಲಗೆ ಅದಲುಬದಲು ಮಾಡಿ, ಸುಡುಬಿಸಿಲಲ್ಲಿ ಕುದುರೆಯನ್ನು ಒಂದೊಂದು ಕಂಡಿಯ ಕಡೆಗೂ ಬಿಟ್ಟು ನೋಡಿದಳು. ಬಿಳಿಯ ಮುಂದೆ ಬಟನ್ ನಿಂತೇಬಿಟ್ಟಿತು. ಕೆಂಪು ಹಿಂದಿನ ಹುಲ್ಲಿನಲ್ಲಿ ಕಲಸಿಹೋಗಿ, ಹೆಗಲು ಕಂಬಕ್ಕೆ ಬಡಿಯಿತು. ನೀಲಿಯ ಮುಂದೆ, ಹಳ್ಳದ ಅಂಚಿಗೆ ಬಂದಂತೆ ತಲೆ ತಗ್ಗಿಸಿ ಹಿಂದೆ ಸರಿಯಿತು. ಹಳದಿಗೆ ಮೂವತ್ತು ಹೆಜ್ಜೆ ದೂರದಿಂದಲೇ ಕಿವಿ ನಿಮಿರಿಸಿ, ಎರಡು ಹಲಗೆಯ ನಟ್ಟನಡುವೆ ನಡೆದುಹೋಯಿತು. ಎಂಟು ದಿನವೂ ಹಾಗೇ. ಎಂಟನೆಯ ದಿನ ವರ್ನೆಲ್ ಬೇಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಈ ಕಣ್ಣಿನೊಳಗೆ ಇನ್ನೂ ಒಂದು ಬಣ್ಣ ಉಳಿದಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಆದರೆ ರೋಡಿಯೋದವರಿಗೆ ಹಳದಿ ಎಂದರೆ ಸಾವು. ಹಳದಿ ಅಂಗಿ ತೊಟ್ಟವನನ್ನು ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ. ವರ್ನೆಲ್ ಕೂಡ ನಂಬಿದವಳೇ. ಮದುವೆಯಾದ ಹೊಸದರಲ್ಲಿ ಲಾಯ್ಡ್ ತಂದ ಹಳದಿ ಕರವಸ್ತ್ರವನ್ನು ಅವತ್ತೇ ಒಲೆಗೆ ಹಾಕಿದ್ದಳು.

ಬಣ್ಣದ ಹೆಸರು ಕೇಳಿ ಹೋಯ್ಟ್ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟ. "ಮಿಸ್ ವರ್ನೆಲ್, ನಿಮ್ ಗಾಡಿಗೆ ಆಮೇಲೆ ಇಲಿಮರಿನೂ ಹತ್ತಲ್ಲ."

"ಬಟನ್ ಹತ್ತತ್ತೆ."

ಹಿಂಬಾಗಿಲಿಗಷ್ಟೇ ಹಳದಿ ಹಾಕಿ ಪಕ್ಕಕ್ಕೆಲ್ಲ ಬಿಳಿ ಬಳಿಯುತ್ತೇನೆ ಎಂದು ಅವನು ಚೌಕಾಸಿಗಿಳಿದ. ಸಾಲಾಗಿ ನಿಂತ ಐವತ್ತು ಟ್ರೇಲರುಗಳ ನಡುವೆ ತನ್ನದು ಯಾವುದೆಂದು ಅದಕ್ಕೆ ಯಾವ ಮಗ್ಗುಲಿನಿಂದಲೂ ತಿಳಿಯಬೇಕು ಎಂದಳು. ಕೊನೆಗೆ ಅವನು, ಯಾರಾದರೂ ಕೇಳಿದರೆ ಬೆಣ್ಣೆ ಬಣ್ಣ ಅಂತ ಹೇಳೋಣ ಎಂದ.

"ಹಳದೀನ ಹಳದಿ ಅಂತಾನೇ ಹೇಳು, ಹೋಯ್ಟ್. ನಂಗೂ ಭಯ ಇದೆ. ಮೂರು ಕೋಟು ಬಳಿ."

ಮೇ ತಿಂಗಳ ಒಂದು ಬೆಳಗ್ಗೆ ಹತ್ತು ಗಂಟೆಗೆ ವರ್ನೆಲ್ ಆ ಟ್ರೇಲರನ್ನು ಕ್ಲೀಟ್ ಬ್ರೇಶಿಯರ್ಸ್‌ನ ಅಂಗಳಕ್ಕೆ ತಂದು ನಿಲ್ಲಿಸಿದಳು. ಆರು ಪುಂಡ ಕುದುರೆಗಳ ಯಜಮಾನ ಅವನು. ಇಪ್ಪತ್ತು ವರ್ಷದಿಂದ ಅವಳಿಂದಲೇ ಅವುಗಳನ್ನು ಸಾಗಿಸಿಕೊಳ್ಳುತ್ತಿದ್ದ. ಅವತ್ತು ಮಾತ್ರ ಗೇಟಿಗೆ ಬೆನ್ನು ಕೊಟ್ಟು ಅಲ್ಲಾಡದೆ ನಿಂತ.

"ಕಣ್ಣು ಹೋಗಿದ್ದು ಕುದುರೆಗಾ, ನಿಮಗಾ? ನನ್ ಕುದುರೆ ಇದರೊಳಗೆ ಕಾಲಿಡಲ್ಲ."

ವರ್ನೆಲ್ ಬಟನ್‌ನನ್ನು ಇಳಿಸಿ ನಲವತ್ತು ಹೆಜ್ಜೆ ದೂರ ನಡೆಸಿಕೊಂಡು ಹೋದಳು. ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದು ನಿಂತಳು. ಬಿಸಿಲು ಜಲ್ಲಿಯ ಮೇಲೆ ಕುದಿಯುತ್ತಿತ್ತು.

ಬಟನ್ ತಲೆಯನ್ನು ಎಡಕ್ಕೆ ತಿರುಗಿಸಿತು. ಬಲಕ್ಕೆ ತಿರುಗಿಸಿತು. ಬಲದಲ್ಲೇ ನಿಲ್ಲಿಸಿತು. ಆಮೇಲೆ ನಡೆಯಿತು, ಗೆರೆ ಎಳೆದ ಹಾಗೆ, ಅವಸರವಿಲ್ಲದೆ. ಟ್ರೇಲರಿನ ಅಂಚಿಗೆ ಬಂದು ಮುಂಗಾಲಿನ ಗೊರಸಿನಿಂದ ಒಮ್ಮೆ ತಡವಿ, ಎತ್ತರ ತಿಳಿದುಕೊಂಡು, ಮೈಯೆತ್ತಿ ಒಳಗೇರಿತು. ಒಳಗಿನಿಂದ ಒಮ್ಮೆ ಬುಸ್ ಎಂದಿತು.

ಬೇಲಿಯೊಳಗಿನ ಆರೂ ಕುದುರೆಗಳು ಮೇಯುವುದು ಬಿಟ್ಟು ತಲೆಯೆತ್ತಿದ್ದವು. ಅವುಗಳಲ್ಲೆಲ್ಲ ಪುಂಡನಾದ ಕಂದು ಕುದುರೆ ನೇರ ಬಂದು ಗೇಟಿಗೆ ಎದೆ ಕೊಟ್ಟು ನಿಂತಿತು. ಅದರ ಉಸಿರು ಕ್ಲೀಟ್‌ನ ಕುತ್ತಿಗೆಗೆ ತಾಗುತ್ತಿತ್ತು. ಕ್ಲೀಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ತೆಗೆದದ್ದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಒಂದೂ ಹಗ್ಗ ಇಲ್ಲದೆ," ಎಂದ ಮೆಲ್ಲಗೆ. ಪಕ್ಕಕ್ಕೆ ಸರಿದು ಗೇಟಿನ ಚಿಲಕ ತೆಗೆದ.

ಒಂದರ ಹಿಂದೊಂದು ಆರೂ ಏರಿದವು. ಅಂಥದ್ದನ್ನು ಸಾವಿರ ಸಲ ನೋಡಿದ ವರ್ನೆಲ್, ಬಾಗಿಲು ಹಾಕುವುದನ್ನೂ ಮರೆತು, ಹೆಗಲ ಮೇಲಿನ ಹಗ್ಗ ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದಳು.