ಎಡಗಡೆಯ ಕೆಂಡದ ರೊಟ್ಟಿ

ಅಕ್ಕಾರ ಬಲಗೈಯ ಮೂರು ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕೆಂಡಕ್ಕೆ ಒರಗಿಸಿದ ರೊಟ್ಟಿಯನ್ನು ಚಿಮಟಾ ಮುಟ್ಟದೆ ಬೆರಳಿಂದಲೇ ತಿರುವಿ ತಿರುವಿ ಅಲ್ಲಿನ ಚರ್ಮ ಹುಣಸೆ ಬೀಜದಂತೆ ನುಣ್ಣಗಾಗಿತ್ತು. ಸುಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಮೊದಲ ಸುಡತಿತ್ತು, ಆಮ್ಯಾಲ ಬ್ಯಾಸರಾಗಿ ಬಿಟ್ಟೇತಿ" ಎಂದಿದ್ದರು.

ರಾಣೆಬೆನ್ನೂರಿನಲ್ಲಿ ಅವರದೊಂದು ಖಾನಾವಳಿ. ಬೋರ್ಡು ಇರಲಿಲ್ಲ, ಮೇಜು ಕುರ್ಚಿಯೂ ಇರಲಿಲ್ಲ. ನೆಲದಲ್ಲಿ ಮೊಳದುದ್ದದ ಕುಣಿ ತೆಗೆದು ಒಲೆಯ ಕೆಂಡವನ್ನೆಲ್ಲ ಅದಕ್ಕೆ ಎಳೆದುಕೊಂಡು ಅವರು ಹಿಂದೆ ಕೂರುತ್ತಿದ್ದರು. ನಾವು ಐದಾರು ಜನ ಮುಂದೆ ಅರ್ಧ ಸುತ್ತಾಗಿ ಮಣೆ ಹಾಕಿಕೊಳ್ಳುತ್ತಿದ್ದೆವು. ಕೆಂಡದಲ್ಲಿ ಬದನೆಕಾಯಿ, ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ ಸುಡುತ್ತಿದ್ದವು. ಮೊಣಕಾಲು ನೋವಿನಿಂದ ಅಕ್ಕಾರು ಎದ್ದು ಬಡಿಸುವವರಲ್ಲ. ಅವರ ತೀರಿಹೋದ ಯಜಮಾನರು ಬೇವಿನ ಕಟ್ಟಿಗೆಯಲ್ಲಿ ಒಂದು ಉದ್ದ ಹಿಡಿಕೆಯ ಹಲಗೆ ಮಾಡಿಕೊಟ್ಟಿದ್ದರು. ಉಬ್ಬಿದ ರೊಟ್ಟಿಯನ್ನು ಅದರ ಮೇಲಿಟ್ಟು ಕೂತಲ್ಲಿಂದಲೇ ನಮ್ಮ ತಟ್ಟೆಗೆ ಚಾಚುತ್ತಿದ್ದರು. ಮೊದಲ ತುತ್ತು ಬಾಯಿಗೆ ಹೋಗುವುದೇ ತಡ, "ಹೆಂಗ ಆಗೇತಿ?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರನ್ನೂ ಕೇಳಬೇಕು. "ಚಲೋ ಆಗೇತ್ರಿ ಅಕ್ಕಾರ" ಎನ್ನುವುದು ನಮ್ಮ ಪಾಠ.

ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದವನು ನಾನು. ಒಂಟಿ. ಊರೆಲ್ಲ ಸರ್ ಎಂದರೂ ಅಕ್ಕಾರಿಗೆ ನಾನು "ತಮ್ಮಾ". ಜ್ವರ ಬಂದು ಮೂರು ದಿನ ಹೋಗದಿದ್ದಾಗ ಆ ಮೊಣಕಾಲಲ್ಲೇ ನನ್ನ ಖೋಲಿಯ ಮೆಟ್ಟಿಲು ಹತ್ತಿ ಗಂಜಿ ತಂದವರು. "ನೀ ಬರಲಿಲ್ಲ ಅಂದ್ರ ಕೆಂಡ ದಂಡ ಆಗತೈತಿ" ಎಂದು ಬೈದು, ಗಂಜಿ ಮುಗಿಯುವ ತನಕ ಎದುರಿಗೇ ಕೂತಿದ್ದರು.

ನಾಲ್ಕನೆಯ ವರ್ಷವಿರಬೇಕು, ಅವರ ಎಡಗಡೆಯ ಕೆಂಡಕ್ಕೆ ಒರಗಿಸಿದ ರೊಟ್ಟಿಗಳು ಸೀಯತೊಡಗಿದವು. ಬಲಗಡೆಯವು ಎಂದಿನಂತೆ ಹೂವಿನ ಹಾಗೆ. ಎಡಗಡೆಯವಕ್ಕೆ ಕಪ್ಪು ಅಂಚು. ನಮಗೆಲ್ಲ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಪ್ಪಾದ ಭಾಗವನ್ನು ಮುರಿದು ಮಣೆಯ ಕೆಳಗೆ ಸರಿಸಿ "ಚಲೋ ಆಗೇತ್ರಿ" ಎಂದೆವು. ಉಣ್ಣುವ ಅನ್ನಕ್ಕೆ ಹೆಸರಿಡಬಾರದು, ಕುಂದು ಹೇಳಬಾರದು ಎಂದು ನಮ್ಮ ಮನೆಗಳಲ್ಲಿ ಕಲಿಸಿದ್ದರು. ಅದು ಅರ್ಧ ಸತ್ಯ. ಅಕ್ಕಾರು ನೊಂದು ಒಲೆ ಆರಿಸಿಬಿಟ್ಟರೆ ಬಿಸಿ ರೊಟ್ಟಿಗೆ ಎಲ್ಲಿ ಹೋಗುವುದು ಎಂಬುದು ಇನ್ನರ್ಧ. ಮಕ್ಕಳ ಪುಸ್ತಕದ ತುಂಬ ಕೆಂಪು ಶಾಯಿ ಸುರಿಯುತ್ತಿದ್ದ ನನಗೆ ಅಲ್ಲಿ ಬಾಯಿ ಇರಲಿಲ್ಲ.

ಆಗ ಹೊಳೆದಂಡೆಯ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ತೆಳ್ಳಗಿನ, ತಲೆ ನರೆತ ಮನುಷ್ಯ. ಭಾನುವಾರಗಳಲ್ಲಿ ಅವರ ಜೊತೆ ತಿರುಗಾಡಲು ಇಂಗ್ಲಿಷ್ ಬಲ್ಲವರು ಬೇಕೆಂದು ಕಾರ್ಖಾನೆಯವರು ನನಗೆ ಹೇಳಿಕಳಿಸಿದರು. ಗೆಸ್ಟ್‌ಹೌಸಿನ ಊಟಕ್ಕೆ ಬೇಸತ್ತಿದ್ದ ಅವರನ್ನು ಒಂದು ಮಧ್ಯಾಹ್ನ ಖಾನಾವಳಿಗೆ ಕರೆದೊಯ್ದೆ.

ಕೆಂಡದ ಕುಣಿ ಕಂಡವರೇ ಬಾಗಿಲಲ್ಲಿ ನಿಂತುಬಿಟ್ಟರು. ಆಮೇಲೆ ಮಂಡಿಯೂರಿ ಕೂತು ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಸೀಮೆಯಲ್ಲೂ ಇಂಥ ಊಟದ ಮನೆಗಳಿವೆಯಂತೆ. ನಡುವೆ ಕೆಂಡ, ಸುತ್ತ ಕಡ್ಡಿಗೆ ಚುಚ್ಚಿ ನಿಲ್ಲಿಸಿದ ಮೀನು, ಕಾಯಿಪಲ್ಯ. ಅಡುಗೆಯವರು ಹಿಂದೆ ಕೂತು ಉದ್ದ ಹಲಗೆಯಲ್ಲಿಟ್ಟು ಉಣ್ಣುವವರ ಕೈಗೆ ಚಾಚುತ್ತಾರಂತೆ. ಅವರ ತಾಯಿ ಅಂಥದೊಂದನ್ನು ನಡೆಸುತ್ತಿದ್ದರು. ಅಕ್ಕಾರ ಹಲಗೆ ತಟ್ಟೆಯ ತನಕ ಬಂದಾಗ ಅವರು ಮಗುವಿನ ಹಾಗೆ ನಕ್ಕರು.

ಅರ್ಧ ಊಟದಲ್ಲಿ ಆ ನಗು ನಿಂತಿತು. ಅವರು ತಟ್ಟೆ ಬಿಟ್ಟು, ಎಡಗಡೆಯ ರೊಟ್ಟಿಗೆ ತಡಕಾಡುತ್ತಿದ್ದ ಅಕ್ಕಾರ ಕೈಯನ್ನೇ ನೋಡತೊಡಗಿದ್ದರು. ನನ್ನತ್ತ ಬಾಗಿ ಮೆಲ್ಲಗೆ, "ಇವರಿಗೆ ಎಡಗಡೆ ಕಾಣಿಸುತ್ತಿಲ್ಲ. ನನ್ನ ತಾಯಿಗೂ ಹೀಗೇ ಶುರುವಾಯಿತು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು, ಹೇಳಿ" ಎಂದರು.

"ಏನಂತಾರ ಸಾಹೇಬ್ರು?" ಅಕ್ಕಾರು ಹಲಗೆ ಹಿಡಿದು ಕಾಯುತ್ತಿದ್ದರು. ಕೂತವರೆಲ್ಲ ನನ್ನ ಬಾಯಿ ನೋಡುತ್ತಿದ್ದರು.

"ಇಂಥ ರೊಟ್ಟಿ ಎಲ್ಲೂ ತಿಂದಿಲ್ಲ ಅಂತಾರ್ರಿ" ಎಂದೆ.

ಅಕ್ಕಾರು ಸೆರಗು ಸರಿಮಾಡಿಕೊಂಡು ನಕ್ಕು ಅವರಿಗೆ ಇನ್ನೊಂದು ರೊಟ್ಟಿ ಕಳಿಸಿದರು. ಆ ನಗು ನೋಡಿ ಜಪಾನಿನವರು ನನ್ನ ಮುಖ ನೋಡಿದರು. ಊರಿಗೆ ಮರಳುವ ದಿನ, ಹೇಳಿದಿರಾ ಎಂದು ಕೇಳಿದರು. ಹೇಳಿದೆ ಎಂದೆ. ಅದು ಎರಡನೆಯ ಸುಳ್ಳು.

ಒಂದು ವರ್ಷ ಹಾಗೇ ದೂಡಿದೆವು. ಒಂದು ದಿನ ಅಕ್ಕಾರು ರೊಟ್ಟಿಯೆಂದು ಉರಿಯುವ ಕೊಳ್ಳಿಯನ್ನೇ ಹಿಡಿದರು. ಮರುದಿನ ಕೈಗೆ ಬಟ್ಟೆ ಸುತ್ತಿ ಅವರನ್ನು ಹಾವೇರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ವರ್ಷದ ಹಿಂದೆ ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತು ಎಂದೂ ಹೇಳಿದರು.

ವಾಪಸ್ ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಜಪಾನಿನವರು ಹೇಳಿದ್ದನ್ನು, ನಾನು ತಿರುಚಿದ್ದನ್ನು, ಮಣೆಯ ಕೆಳಗೆ ಸರಿಸಿದ ಕಪ್ಪು ಚೂರುಗಳನ್ನು, ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೆಣಸಿನಕಾಯಿ ಹೇರಿದ ಲಾರಿಯೊಂದು ಪಕ್ಕಕ್ಕೆ ಬಂದು ಬಸ್ಸಿನವರೆಲ್ಲ ಸೀನಿದರು.

"ಬ್ಯಾಡಗಿ ಕ್ರಾಸ್ ಬಂತೇನು?" ಎಂದರು.

"ಬಂತ್ರಿ."

ಕ್ರಾಸ್ ದಾಟಿದ ಮೇಲೆ ಅವರೇ ಹೇಳಿದರು. "ನಂಗೂ ಸಂಶೆ ಇತ್ತೋ ತಮ್ಮಾ. ಕಣ್ಣು ಮಂಜಾಗೇತೋ, ಹೊಗಿ ಹೆಚ್ಚಾಗೇತೋ ತಿಳೀತಿದ್ದಿಲ್ಲ. ಮೊದಲ ರೂಢಿಗೆ ಕೇಳತಿದ್ದೆ, ಆಮ್ಯಾಲ ಅದಕ್ಕಂತನ ದಿನಾ ಕೇಳತಿದ್ದೆ, ಹೆಂಗ ಆಗೇತಿ ಅಂತ. ಒಬ್ಬರರ ಹೊತ್ತೇತಿ ಅಂದಿದ್ರ ಅವತ್ತ ದವಾಖಾನಿಗೆ ಹೋಗತಿದ್ದೆ. ನೀವೆಲ್ಲಾರೂ ಚಲೋ ಆಗೇತಿ ಅಂದ್ರಿ. ನಾ ನಂಬಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ಖಾನಾವಳಿ ಮುಚ್ಚಿತು. ಅಕ್ಕಾರು ಕುಪ್ಪೇಲೂರಿನ ತಂಗಿಯ ಮನೆ ಸೇರಿದರು. ನಾನು ಆಗಾಗ ಹೋಗಿ ಬರುತ್ತಿದ್ದೆ. ಮೂರು ವರ್ಷದ ಮೇಲೆ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಅದಕ್ಕೆ ತಿಂಗಳೊಪ್ಪತ್ತು ಮೊದಲು ಹೋಗಿದ್ದಾಗ ನನ್ನ ದನಿ ಕೇಳಿ, ತಂಗಿಗೆ ಹೇಳಿ ಕೆಂಡ ಮಾಡಿಸಿದರು. ಹಿಟ್ಟು ತಾವೇ ಬಡಿದರು. ಕಾವಿನ ಮೇಲೆ ಅಂಗೈ ಆಡಿಸಿ ಜಾಗ ಗೊತ್ತುಮಾಡಿಕೊಂಡು ರೊಟ್ಟಿ ಒರಗಿಸಿದರು. ಹಲಗೆ ತಡವರಿಸುತ್ತ ಬಂತು, ನಾನು ತಟ್ಟೆಯನ್ನೇ ಅದರ ಕೆಳಗೆ ಹಿಡಿದೆ.

"ಹೆಂಗ ಆಗೇತಿ?"

"ಒಂದು ಅಂಚು ಹೊತ್ತೇತ್ರಿ ಅಕ್ಕಾರ" ಎಂದೆ.

"ಎಷ್ಟು?"

"ಅಂಗೈಯಷ್ಟು."

"ಇತ್ತ ಕೊಡು. ಅದನ್ನ ತಿನಬ್ಯಾಡ." ಅದನ್ನು ಇಸಿದುಕೊಂಡು ಪಕ್ಕಕ್ಕಿಟ್ಟು ಇನ್ನೊಂದು ಬಡಿದರು. ಎರಡನೆಯದು ನಿಜವಾಗಿಯೂ ಹಳೆಯ ದಿನಗಳ ರೊಟ್ಟಿಯಾಗಿತ್ತು. ಎಲ್ಲೂ ಒಂದು ಚುಕ್ಕೆ ಕಪ್ಪಿರಲಿಲ್ಲ. "ಚಲೋ ಆಗೇತ್ರಿ" ಎಂದೆ.

ಅವರು ನನ್ನ ಕಡೆ ಮುಖ ತಿರುಗಿಸಿದರು.

"ಖರೇನ?" ಎಂದರು.

"ಖರೇ ರೀ."

ಆಮೇಲೆ ಕೈ ಚಾಚಿ ನನ್ನ ತಟ್ಟೆ ಹುಡುಕಿ, ಆ ನುಣುಪು ಬೆರಳುಗಳನ್ನು ರೊಟ್ಟಿಯ ಅಂಚಿನ ಸುತ್ತ ಒಂದು ಸಲ ಪೂರ್ತಿ ಆಡಿಸಿ ನೋಡಿದರು.