ಅಣ್ಣನ ಗಾಡಿಯಲ್ಲಿ ಮೂರು ಕಾಡು

ನನ್ನ ಅಣ್ಣ ಬನಹಟ್ಟಿಯಲ್ಲಿ ಮೂವತ್ತೈದು ವರ್ಷ ಪಾವರ್‌ಲೂಮ್ ನಡೆಸಿದವನು. ಮಗ್ಗಗಳ ಸದ್ದಿನಲ್ಲಿ ಕಿವಿ ಮಂದವಾಗಿ, ಅವನು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳಿಸುತ್ತದೆ. ಕೆಲಸ ಬಿಟ್ಟ ಮೇಲೆ ಅವನಿಗೆ ಕಾಡು ನೋಡುವ ಹುಚ್ಚು ಹಿಡಿಯಿತು. ಯಾರೋ ಮನೆಯಂಥ ಗಾಡಿಯಲ್ಲಿ ಕಾಡು ಸುತ್ತುವುದನ್ನು ಮೊಬೈಲಿನಲ್ಲಿ ನೋಡಿ, ಹಳೆಯ ಮಿನಿಬಸ್ಸೊಂದನ್ನು ಕೊಂಡ. ಸೀಟು ಕಿತ್ತು ಮಂಚ ಹಾಕಿಸಿದ, ಗ್ಯಾಸ್ ಒಲೆ ಕೂಡಿಸಿದ.

ನಾನು ಮುಧೋಳದಲ್ಲಿ ಮಾಸ್ತರ. ಅಣ್ಣ ಫೋನ್ ಮಾಡಿದ.

"ಲೇ ತಮ್ಮಾ, ದಸರಾ ಸೂಟಿ ಐತಿಲ್ಲ ನಿನಗ? ನೀ ಗಾಡಿ ಹೊಡಿ, ನಾ ಕಾಡ ನೋಡ್ತೇನಿ."

ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು ಹೊರಟೆವು. ವೈನಿ ಒಂದು ಡಬ್ಬಿ ತುಂಬ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದರು. ಘಟ್ಟದ ಕಡೆಯ ಮೂರು ಕಾಡು ನೋಡಿ ಬರುವುದೆಂದು ಲೆಕ್ಕ.

ಮೊದಲ ಕಾಡಿನ ಗೇಟಿನಲ್ಲೇ ತಡೆದರು. ಒಳಗೆ ನಮ್ಮ ಗಾಡಿ ಬಿಡುವುದಿಲ್ಲ, ಒಲೆ ಹಚ್ಚುವಂತಿಲ್ಲ, ಉಳಿಯುವಂತಿಲ್ಲ. ಅಣ್ಣ ವಾದಿಸಿದ, ನಾನು ಕೈ ಮುಗಿದೆ. ಕಡೆಗೆ ಪೆಟ್ರೋಲ್ ಪಂಪಿನ ಪಕ್ಕ ಲಾರಿಗಳ ನಡುವೆ ಗಾಡಿ ನಿಲ್ಲಿಸಿ ಮಲಗಿದೆವು. ಮಳೆ ಬಂದು ಮಂಚದ ಮೇಲೆ ಸೋರಿತು. ಮಳೆಗೆ ದಾರಿ ಕೆಟ್ಟು ಮರುದಿನ ಸಫಾರಿ ಜೀಪುಗಳೂ ಹೊರಡಲಿಲ್ಲ. ಹೊರಡುವ ಮೊದಲೇ ಎಲ್ಲ ವಿಚಾರಿಸಬೇಕಾಗಿತ್ತು. ಮಾಸ್ತರನಾದ ನಾನೂ ವಿಚಾರಿಸಿರಲಿಲ್ಲ. ಆ ಸಿಟ್ಟನ್ನೆಲ್ಲ ಒಳಗೇ ಇಟ್ಟುಕೊಂಡು ಸ್ಟೇರಿಂಗ್ ಹಿಡಿದೆ.

ಎರಡನೆಯ ಕಾಡಿನಲ್ಲಿ ಸಫಾರಿಗೆ ಜಾಗ ಸಿಕ್ಕಿತು. ಜೀಪಿನಲ್ಲಿ ನಾವು ಮೂವರು, ಹುಬ್ಬಳ್ಳಿಯ ಒಂದು ಕುಟುಂಬ. ಮಾತಾಡಬೇಡಿ ಎಂದು ಡ್ರೈವರ್ ಮೊದಲೇ ಹೇಳಿದ್ದ. ಒಂದು ತಿರುವಿನಲ್ಲಿ ಅವನು ಜೀಪು ನಿಲ್ಲಿಸಿ ಬೆರಳು ತೋರಿಸಿದ. ಬಿದಿರಿನ ಹಿಂದೆ ಏನೋ ಅಲುಗಾಡಿತು.

"ಏನದು? ಎಮ್ಮಿ ಏನಲೇ?" ಅಣ್ಣ ಕೂಗಿದ.

ಕಾಡುಕೋಣಗಳು ದಡದಡ ಓಡಿದವು. ಹುಬ್ಬಳ್ಳಿಯವರು ಗೊಣಗಿದರು. ಸ್ವಲ್ಪ ಮುಂದೆ ಜಿಂಕೆಗಳು ಕಂಡಾಗಲೂ ಹೀಗೇ ಆಯಿತು. ಮೂರನೆಯ ಸಲ ಅವನು ಬಾಯಿ ತೆರೆಯುತ್ತಿದ್ದಂತೆ ನಾನು ಅಂಗೈಯಿಂದ ಅವನ ಬಾಯಿ ಮುಚ್ಚಿದೆ. "ಸುಮ್ಮ ಕುಂಡ್ರು ಅಣ್ಣಾ! ನಿನ್ನ ಸಲುವಾಗಿ ಯಾರಿಗೂ ಏನೂ ಕಾಣವಲ್ದು!"

ಅಷ್ಟು ಜೋರಾಗಿ ಹೇಳಿದ್ದು ಅವನಿಗೆ ಕೇಳಲೆಂದು. ಎಲ್ಲರಿಗೂ ಕೇಳಿತು. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಸಾಲೆಗೆ ಬಿಟ್ಟು ಬರುತ್ತಿದ್ದವನು ಅವನು. ನನ್ನ ಕೈ ಸರಿಸಿ ಮುಂದೆ ನೋಡುತ್ತ ಕುಳಿತ.

ಮೂರನೆಯ ಕಾಡಿನಲ್ಲಿ ಅವನು ಜೀಪು ಹತ್ತಲಿಲ್ಲ. "ನೀವ ಹೋಗಿ ಬರ್‍ರಿ, ನನಗ ಮಂಡಿ ನೋಯಾಕತ್ತೈತಿ" ಎಂದ. ವೈನಿಯೂ ಅವನೊಂದಿಗೆ ಉಳಿದರು. ನಾನೊಬ್ಬನೇ ಹೋದೆ. ಅಂದು ಕೆರೆಯ ದಂಡೆಯಲ್ಲಿ ಚಿರತೆ ನೀರು ಕುಡಿಯುವುದನ್ನು ಕಣ್ಣಾರೆ ಕಂಡೆ. ಪಕ್ಕದವರೆಲ್ಲ ಫೋಟೊ ತೆಗೆದರು. ನನಗೆ ಮೊಬೈಲ್ ಎತ್ತಲೂ ಮನಸ್ಸಾಗಲಿಲ್ಲ.

"ಏನ್ ಕಂಡಿ?" ಗಾಡಿಯ ಮೆಟ್ಟಿಲ ಮೇಲೆ ಕುಳಿತಿದ್ದ ಅಣ್ಣ ಕೇಳಿದ.

"ಏನೂ ಇಲ್ಲ ಬಿಡು, ಬರೇ ಗಿಡಾ" ಎಂದೆ.

ಸುಳ್ಳೆಂದು ಅವನಿಗೆ ಗೊತ್ತಾಗಿರಬೇಕು. ಹಿಂದೆಯೇ ಇಳಿದ ಜನ ಚಿರತೆ ಚಿರತೆ ಎಂದು ಕುಣಿಯುತ್ತಿದ್ದರು.

ಬರುವಾಗ, ಬೀಳಗಿಯ ಹತ್ತಿರ ಚಿಂಕಾರ ಎಂಬ ಜಿಂಕೆ ಇರುವ ಕುರುಚಲು ಕಾಡಿದೆ, ನೋಡಿ ಹೋಗೋಣ ಎಂದೆ. "ಸಾಕು, ಮನಿಗೆ ನಡಿ" ಎಂದನಷ್ಟೇ. ಕ್ಷಮೆ ಕೇಳಬೇಕೆಂದುಕೊಳ್ಳುತ್ತಲೇ ಬನಹಟ್ಟಿ ಬಂದುಬಿಟ್ಟಿತು.

ಕಳೆದ ತಿಂಗಳು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ವೈನಿ ಸಿಕ್ಕರು. ಡ್ರೈವರನೊಬ್ಬನನ್ನು ಕರೆದುಕೊಂಡು ಗಂಡಹೆಂಡತಿ ಮತ್ತೆ ಕಾಡಿಗೆ ಹೋಗಿ ಬಂದರಂತೆ.

"ಆನಿ ಕಂಡ್ವಿ ತಮ್ಮಾ. ಇವರು ಒದರೇ ಒದರಿದ್ರು. ಅದು ಓಡಲೇ ಇಲ್ಲ, ನಮ್ಮನ್ನ ನೋಡ್ಕೋತ ನಿಂತಿತ್ತು" ಎಂದು ನಕ್ಕರು.

ನನ್ನನ್ನೇಕೆ ಕರೆಯಲಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಅವರ ಬಸ್ಸು ಬಂತು.