ಮನೆಗೇ ಹಿಡಿದ ಉಷ್ಣ

ಸ್ಯಾನ್ ಮಟಿಯೋದ ಅನಂತಪದ್ಮನಾಭ ಹುಟ್ಟಾ ಅಂಜುಬುರುಕ. ಡಾಟ್-ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಆ ಚಳಿಗಾಲದಲ್ಲಿ ಮೆನ್ಲೋ ಪಾರ್ಕಿನ ಅವನ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿ. ಅದಕ್ಕೆ ಅವನು ಹೆದರಲಿಲ್ಲ, ಹೆದರಿದ್ದು ಚಳಿಗೆ. ಪುಟ್ಟ ಮಗಳು ಹರಿಪ್ರಿಯಾಗೆ ಹಿಂದಿನ ವರ್ಷ ನ್ಯುಮೋನಿಯಾ ಆಗಿತ್ತು. ಅಂದಿನಿಂದ ಅವಳ ಒಂದೊಂದು ಸೀನೂ ಅವನಿಗೆ ರಣಕಹಳೆ.

ಮನೆಯೋ ಹಳೆಯದು. ಹಜಾರದ ಪಕ್ಕ ಬೀರುವಿನಷ್ಟು ಗೂಡು, ಅದರೊಳಗೆ ಮನೆಯನ್ನೆಲ್ಲ ಬೆಚ್ಚಗಿಡಬೇಕಾದ ಗ್ಯಾಸ್ ಫರ್ನೇಸು. ಹಜಾರದಲ್ಲಿ ಬೆವರು, ಮಗಳ ಕೋಣೆಯಲ್ಲಿ ನಡುಕ. ಕೋಣೆಕೋಣೆಗೂ ಥರ್ಮಾಮೀಟರ್ ತೂಗುಹಾಕಿ, ಎಲ್ಲವೂ ಒಂದೇ ಅಂಕಿ ತೋರಿಸುವವರೆಗೆ ವಿಶ್ರಮಿಸೆನೆಂದು ನಮ್ಮ ವೀರ ಪ್ರತಿಜ್ಞೆ ಮಾಡಿದ. ಕಿಟಕಿಯ ಸಂದುಗಳಿಗೆ ಟೇಪು ಅಂಟಿತು, ಬಾಗಿಲುಗಳ ಅಡಿಗೆ ಟವೆಲು ಸೇರಿತು. ಕೊನೆಗೆ ಶತ್ರುವಿನ ಸುರಂಗವೇ ಸಿಕ್ಕಿತು. ಫರ್ನೇಸಿನ ಗೂಡಿನ ಗೋಡೆಯಲ್ಲೊಂದು ಜಾಲರಿ; ಅದರಿಂದ ಹೊರಗಿನ ತಣ್ಣನೆ ಗಾಳಿ ರಾಜಾರೋಷವಾಗಿ ಒಳಗೆ ಬರುತ್ತಿತ್ತು. ಹೆಂಡತಿ ಶೈಲಜಾಳ ಹಳೇ ಸೀರೆಯೊಂದನ್ನು ಅಲ್ಲಿಗೆ ತುರುಕಿದ. ಅಂಕಿಗಳು ಸಮನಾದವು. ದಿಗ್ವಿಜಯ.

ಆ ಗಾಳಿ ಬೆಂಕಿಯ ಉಸಿರೆಂದು ದಿಗ್ವಿಜಯಿಗಳಿಗೆ ಯಾರು ಹೇಳಬೇಕು? ಉಸಿರು ಕಟ್ಟಿದ ಬೆಂಕಿ, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವನ್ನು ಮೆಲ್ಲಗೆ ಮನೆಯೊಳಗೆ ಬಿಡತೊಡಗಿತು.

ಕೆಲವೇ ದಿನಗಳಲ್ಲಿ ಮನೆಮಂದಿಗೆಲ್ಲ ತಲೆನೋವು, ವಾಕರಿಕೆ. ಬೆಂಗಳೂರಿನಿಂದ ಬಂದಿದ್ದ ತಾಯಿ ಸತ್ಯವತಮ್ಮ ಕೂಡಲೇ ರೋಗ ಪತ್ತೆ ಹಚ್ಚಿದರು.

"ಉಷ್ಣ ಕಣೋ. ಮೂರು ಹೊತ್ತೂ ಬೆಂಕಿ ಉರಿಸಿದ್ರೆ ಇನ್ನೇನಾಗುತ್ತೆ?"

"ಹೀಟರ್ ಆರಿಸಿದ್ರೆ ಮಗೂಗೆ ಶೀತ ಆಗುತ್ತಮ್ಮ."

"ಅದನ್ನ ಯಾಕೆ ಆರಿಸ್ತೀಯ? ಮೈಯಿಂದ ಉಷ್ಣ ಇಳಿಸಿದ್ರಾಯ್ತು."

ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಮೆಂತ್ಯ ಕಲಸಿದ ಮಜ್ಜಿಗೆ. ಅನಂತಪದ್ಮನಾಭನ ನೆತ್ತಿ ಮೀಟಿಂಗುಗಳಲ್ಲಿ ದೀಪದಂತೆ ಮಿನುಗಿತು. ತಲೆನೋವು ಜಗ್ಗಲಿಲ್ಲ.

ಶನಿವಾರ ಮಧ್ಯಾಹ್ನ ಹರಿಪ್ರಿಯಾ ಎಣ್ಣೆತಲೆಯನ್ನು ಅಜ್ಜಿಯ ತೊಡೆಗಿಟ್ಟು ಗೊಣಗಿದಳು: "ನೋ ಮೋರ್ ಎಣ್ಣೆ, ಅಜ್ಜಿ. ಸ್ಕೂಲಲ್ಲಿ ಐ ಆಮ್ ಫೈನ್. ಇಟ್ ಹರ್ಟ್ಸ್ ಓನ್ಲಿ ಅಟ್ ಹೋಮ್."

ಶೈಲಜಾ ಗಕ್ಕನೆ ತಿರುಗಿದಳು. "ರೀ, ನಿಮಗೆ ಆಫೀಸಲ್ಲಿ ನೋಯುತ್ತಾ?"

"ಇಲ್ಲ ಕಣೆ."

"ನನಗೂ ಗ್ರೋಸರಿಗೆ ಹೋದಾಗ ಬಿಟ್ಟುಹೋಗುತ್ತೆ. ಮೈಯ ಉಷ್ಣಾನ ಮನೇಲಿಟ್ಟು ಹೋಗಕ್ಕಾಗುತ್ತೇನ್ರೀ?"

ಅವನ ಕಣ್ಣು ಫರ್ನೇಸಿನ ಗೂಡಿನ ಕಡೆ ಹೋಯಿತು. ಅಲ್ಲಿಂದ ಮಗಳ ಕಡೆ. ಅವಳು ಆಗಲೇ ಕಣ್ಣು ಮುಚ್ಚಿದ್ದಳು.

"ಹರೀ." ಭುಜ ಅಲುಗಿಸಿದ. "ಹರೀ, ಏಳಮ್ಮ."

ಏಳಲಿಲ್ಲ. ತಲೆ ಒಂದು ಕಡೆಗೆ ವಾಲಿತು.

ಬಾಚಿ ಎತ್ತಿಕೊಂಡು ಹೊರಬಾಗಿಲಿಗೆ ಓಡಿದ. ಹಿಂದಿನಿಂದ ಸತ್ಯವತಮ್ಮ, "ಮಗೂಗೆ ಸ್ವೆಟರ್ ಹಾಕೋ" ಎಂದು ಕೂಗಿದರು.

"ಬೇಡಮ್ಮ, ನೀನೂ ಹೊರಗೆ ಬಾ. ಶೈಲೂ, ಫೋನು ತಗೊಂಡು ಬಾ."

ಇಷ್ಟು ದಿನ ಯಾವ ಗಾಳಿಯ ವಿರುದ್ಧ ಕೋಟೆ ಕಟ್ಟಿದ್ದನೋ, ಅದೇ ಗಾಳಿಗೆ ಮಗಳ ಮುಖವೊಡ್ಡಿ ಅಂಗಳದ ಹುಲ್ಲಿನ ಮೇಲೆ ಕುಳಿತ. ಶೈಲಜಾ ಫೋನಿಗೆ ಅಡ್ರೆಸ್ ಹೇಳುತ್ತಿದ್ದಳು. ಹುಡುಗಿಯ ತುಟಿ ಕದಲಲಿಲ್ಲ. ಅವನು ಬಾಯಿಪಾಠವಾಗಿದ್ದ ಸ್ತೋತ್ರಗಳನ್ನೆಲ್ಲ ಒಂದರೊಳಗೊಂದು ಕಲಸಿ ಹೇಳುತ್ತಿದ್ದ.

ಆಗ ಹರಿಪ್ರಿಯಾ ಸೀನಿದಳು.

ಅಂಜುಬುರುಕ ಗಳಗಳನೆ ಅತ್ತುಬಿಟ್ಟ.

ಫೈರ್ ಎಂಜಿನ್ನಿನವರು ಬಂದು ಹುಡುಗಿಗೆ ಆಕ್ಸಿಜನ್ ಹಿಡಿದರು, ಜಾಲರಿಯಿಂದ ಸೀರೆ ಎಳೆದು ತೆಗೆದರು. ಸತ್ಯವತಮ್ಮ ಮಾತ್ರ ಸೋಲೊಪ್ಪಲಿಲ್ಲ: "ಉಷ್ಣ ಅಂತ ನಾನು ಮೊದಲೇ ಹೇಳ್ಲಿಲ್ವೇನೋ? ಮನೆಗೆ ಹಿಡಿದಿತ್ತು, ಅಷ್ಟೇ."

ಈಗ ಅವರ ಮನೆಯಲ್ಲಿ ಕೋಣೆಗೊಂದು ಹವಾಮಾನ. ಆಫೀಸಿಗೆ ಹೊರಡುವ ಮುನ್ನ ಅನಂತಪದ್ಮನಾಭ ಆ ಜಾಲರಿಗೆ ಅಂಗೈ ಒಡ್ಡಿ ನಿಲ್ಲುತ್ತಾನೆ. ಚಳಿ ಕಚ್ಚಿದ ಮೇಲೆಯೇ ಅವನು ಬೂಟು ಹಾಕಿಕೊಳ್ಳುವುದು.